ಖಾಲಿ ಪಿಕಪ್ಪಿನ ಓಟ

ಆ ಮನೆಯ ಪಿಕಪ್ ಗಾಡಿ ಖಾಲಿಯಾಗಿ ರಸ್ತೆಗಿಳಿದದ್ದನ್ನು ಕಂಡವರಿಲ್ಲ. ಹೋಗುವಾಗ ಹೂವಿನ ಕುಂಡ, ಸಸಿ, ಬಳ್ಳಿ. ಬರುವಾಗ ಗೊಬ್ಬರದ ಮೂಟೆ, ಕೆಮ್ಮಣ್ಣು, ಇಟ್ಟಿಗೆ ಚೂರು. ಗಿಡ ಬೆಳೆಸಿ ಮಾರುವ ನರ್ಸರಿಯ ಮನೆ ಅದು. ಡೀಸೆಲ್ ಕುಡಿದ ಮೇಲೆ ಗಾಡಿ ಏನಾದರೂ ಹೊರಲೇಬೇಕು ಎಂಬುದು ಮನೆಗೆ ಹಿರಿಯಳಾದ ಅಮ್ಮನ ಕಾನೂನು. ಆಸ್ಪತ್ರೆಗೆ ಹೊರಟರೂ "ಹೇಗೂ ಹೋಗ್ತಿದ್ದೀರಲ್ಲ" ಎಂದು ನಾಲ್ಕು ಕುಂಡ ಹತ್ತಿಸಿಬಿಡುವ ಹೆಂಗಸು. ಅಮ್ಮನ ಎಷ್ಟೋ ಮಾತುಗಳನ್ನು ಮಗ ಗಾಳಿಗೆ ತೂರಿದ್ದ. ಇದೊಂದನ್ನು ಮಾತ್ರ ಮೀರಿರಲಿಲ್ಲ.

ಆ ಮಗನಿಗೇ ಈಗ ಗಾಡಿಯ ಕೀ ಮುಟ್ಟುವ ಹಾಗಿರಲಿಲ್ಲ. ಹಿಂದಿನ ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ಲಿಗೆ ಕಾಯುತ್ತ ಕೂತವನು ಫಿಟ್ಸ್ ಬಂದು ಸ್ಟಿಯರಿಂಗಿನ ಮೇಲೆಯೇ ಬಿದ್ದಿದ್ದ. ಗಾಡಿ ನಿಂತಿತ್ತು, ಅದೊಂದು ಪುಣ್ಯ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಗಾಡಿ ಓಡಿಸುವುದನ್ನು ಬಿಡಿಸಿದರು. ದೊಡ್ಡ ತಪಾಸಣೆಯವರೆಗೆ ಒಂದು ಸಲವೂ ಬರದಿದ್ದರೆ ಮತ್ತೆ ಓಡಿಸಬಹುದು, ಬಂದರೆ ಆ ಆಸೆ ಬಿಟ್ಟುಬಿಡಿ ಎಂದಿದ್ದರು. ಆದರೆ ಗಿಡಗಳು ಯಾರಿಗಾಗಿ ಕಾಯುತ್ತವೆ? ನರ್ಸರಿಯ ಅಂಗಳದಲ್ಲೇ, ಪಕ್ಕದ ಸೀಟಿನಿಂದ ಗಂಡನ ಬೈಗುಳ ಕೇಳಿಸಿಕೊಳ್ಳುತ್ತ, ಹೆಂಡತಿ ಗಾಡಿ ಕಲಿತಳು. ಲೈಸೆನ್ಸ್ ಮಾಡಿಸಿಕೊಂಡು ಅಂಗಡಿ, ಹೋಟೆಲು, ಕಚೇರಿಗಳಿಗೆಲ್ಲ ಗಿಡ ಮುಟ್ಟಿಸತೊಡಗಿದಳು. ಅವಳ ಕೆಲಸಗಳು ಅವನ ಪಾಲಿಗೆ ಬಂದವು: ಮಣ್ಣು ಕಲಸುವುದು, ಸಸಿ ಬಿಡಿಸಿ ನೆಡುವುದು, ಮಧ್ಯಾಹ್ನದ ಅಡುಗೆ. ಅವನ ಅನ್ನ ಒಂದು ದಿನ ಅಂಬಲಿಯಾದರೆ ಇನ್ನೊಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತಿತ್ತು ಅವನಿಗೆ. ತಪಾಸಣೆಯ ದಿನವೊಂದೇ ಕಣ್ಣ ಮುಂದಿತ್ತು. ಅಂದು ಕೀ ಕೈಗೆ ಬಂದರೆ ತಾನು ಮತ್ತೆ ಮನುಷ್ಯನಾದೆ ಎಂದುಕೊಂಡಿದ್ದ.

ಇಂಥದರಲ್ಲಿ ಒಂದು ಸಂಜೆ ಅವನ ಗೆಳೆಯ, ಗ್ಯಾರೇಜಿನವನು ಬಂದ. ಊಟಕ್ಕೆ ಕೂತಾಗಲೂ ಜೇಬಿನಲ್ಲೊಂದು ನಟ್ಟು ಬಿಚ್ಚುವ ಪಾನಾ ಇರುತ್ತಿದ್ದುದರಿಂದ ಅವನಿಗೆ ಪಾನಾ ಎಂದೇ ಹೆಸರು ಬಿದ್ದಿತ್ತು. ಊರಾಚೆ ಹಳೆಯ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಕೆಲವು ಭಾನುವಾರ ಮಣ್ಣಿನ ರೇಸ್ ನಡೆಯುತ್ತಿತ್ತು. ಓಡಿಸುವವರೆಲ್ಲ ಹವ್ಯಾಸದವರು: ಹಾಲಿನವನು, ಗಾರೆಯವನು, ಶಾಲೆಯ ಡ್ರಿಲ್ ಮೇಷ್ಟ್ರು. ಈ ಸಲ ಪಿಕಪ್‌ಗಳಿಗೆಂದೇ ಬೇರೆ ಓಟ ಇಟ್ಟಿದ್ದಾರೆ, ಗಾಡಿ ಕಂಪನಿಯಿಂದ ಬಂದ ಹಾಗೆಯೇ ಇರಬೇಕು, ಇಂಜಿನ್ನಿಗೆ ಕೈ ಹಾಕುವಂತಿಲ್ಲ, ಸ್ಪ್ರಿಂಗ್ ಬದಲಿಸುವಂತಿಲ್ಲ, ಹಿಂದೆ ಒಂದು ಹುಲ್ಲುಕಡ್ಡಿಯನ್ನೂ ಹೇರುವಂತಿಲ್ಲ ಎಂದೆಲ್ಲ ಪಾನಾ ವಿವರಿಸಿದ. ನಿನ್ನ ಗಾಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದವನು, ಆಮೇಲೆ ಗೆಳೆಯನ ಕಾಯಿಲೆ ನೆನಪಾಗಿ, ಚಹಾದ ಲೋಟದೊಳಗೆ ಮುಖ ಹುದುಗಿಸಿದ.

ಹೆಂಡತಿ ಬೀನ್ಸ್ ನಾರು ತೆಗೆಯುತ್ತ ಕೂತಿದ್ದಳು. "ನಾನು ಓಡಿಸ್ತೀನಿ" ಎಂದಳು.

ಎಲ್ಲರೂ ನಕ್ಕರು. ಅವಳು ಬೀನ್ಸ್ ಮುಗಿಸಿ, ಬುಟ್ಟಿ ಒಳಗಿಟ್ಟು ಬಂದು, ಹೆಲ್ಮೆಟ್ ಎಲ್ಲಿ ಸಿಗುತ್ತದೆ ಎಂದು ಪಾನಾನನ್ನು ಕೇಳಿದಾಗ ನಗು ನಿಂತಿತು. ಅಮ್ಮ ಕೆಂಡವಾದಳು. ಮನೆ ಹೆಂಗಸು ಬಯಲಲ್ಲಿ ಗಂಡಸರ ನಡುವೆ ಧೂಳು ಎಬ್ಬಿಸುವುದು ಎಂದರೇನು, ಗಾಡಿಗೆ ಏನಾದರೂ ಆದರೆ ಸೋಮವಾರ ಗಿಡಗಳನ್ನು ತಲೆಯ ಮೇಲೆ ಹೊರುತ್ತೀಯಾ ಎಂದು ಊಟದ ತುಂಬ ಅದೇ ಮಾತು. ಹನ್ನೆರಡರ ಮಗಳು ಪುಟ್ಟಿ, ತಾನು ಹಿಂದಿನಿಂದ ಗಾಡಿ ತಳ್ಳುತ್ತೇನೆ ಎಂದು ಅಜ್ಜಿಯಿಂದ ಬೈಸಿಕೊಂಡಳು. ಗಂಡ ತಟ್ಟೆ ಎತ್ತಿಕೊಂಡು ಎದ್ದ. ಬೇಡ ಎಂದರೆ ಹೊಟ್ಟೆಕಿಚ್ಚು ಎಂದಾರು. ಹೋಗು ಎನ್ನಲು ಬಾಯಿ ಬರಲಿಲ್ಲ.

ಮೊದಲ ಭಾನುವಾರ ಮನೆಯವರೆಲ್ಲ ಹೋದರು, ಅಮ್ಮನೊಬ್ಬಳನ್ನು ಬಿಟ್ಟು. ಬಯಲಿನ ಸುತ್ತ ಹಗ್ಗ ಕಟ್ಟಿದ್ದರು. ಏಳೆಂಟು ಪಿಕಪ್‌ಗಳು ಒಂದರ ಹಿಂದೊಂದು ನಿಂತಿದ್ದವು. ಬಾವುಟ ಬಿದ್ದಿತು. ಹೆಂಡತಿ ಚೆನ್ನಾಗಿಯೇ ಹೊರಟಳು. ಮೊದಲ ತಿರುವಿಗೆ ಬಂದಾಗ ಗಾಡಿಯ ಹಿಂಭಾಗ ಎದ್ದು ಕುಣಿದು, ಪಕ್ಕಕ್ಕೆ ಜಾರಿ, ಗರ್ರನೆ ತಿರುಗಿ, ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತುಬಿಟ್ಟಿತು. ಇಂಜಿನ್ ಆಫ್. ಎದುರಿಗೆ ಬಂದ ಹಾಲಿನವನು ಹಾರ್ನ್ ಹೊಡೆದು ತಪ್ಪಿಸಿಕೊಂಡು ಹೋದ. ಹಗ್ಗದ ಆಚೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ತಪ್ಪು ಏನೆಂದು ಪಾನಾನಿಗೆ ಕೂಡಲೇ ಹೊಳೆಯಿತು. ಹಿಂದೆ ಭಾರವಿಲ್ಲದ ಪಿಕಪ್ಪಿನ ಬಾಲ ಹಗುರ. ತಿರುವಿನಲ್ಲಿ ಅದನ್ನು ಹಿಡಿಯುವ ಬಗೆಯೇ ಬೇರೆ. ಆ ಮನೆಯಲ್ಲಿ ಅವಳಿಗಾಗಲಿ, ಅವಳಿಗೆ ಕಲಿಸಿದ ಗಂಡನಿಗಾಗಲಿ ಖಾಲಿ ಗಾಡಿ ಹೇಗೆ ಓಡುತ್ತದೆಂಬುದೇ ಗೊತ್ತಿರಲಿಲ್ಲ. ಗೊಬ್ಬರದ ಭಾರದಲ್ಲಿ ಸಾಧುವಾಗಿದ್ದ ಗಾಡಿ ಬೆನ್ನು ಹಗುರವಾದದ್ದೇ ತಡ ಪುಂಡಾಟಕ್ಕಿಳಿದಿತ್ತು. ನಿಮ್ಮ ಅಮ್ಮನ ಕಾನೂನು ಇಲ್ಲಿ ನಡೆಯಲಿಲ್ಲವಲ್ಲೋ ಎಂದು ಪಾನಾ ನಕ್ಕ.

ಗಂಡನೂ ನಕ್ಕ. ಹಗ್ಗ ಹಿಡಿದು ನಿಂತ ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಅವಳು ಸೋತಳೆಂದು ಖುಷಿ, ಇನ್ನು ಈ ಹುಚ್ಚು ಬಿಟ್ಟಿತು ಎಂದು ಖುಷಿ. ಅವಳು ಹೆಲ್ಮೆಟ್ ತೆಗೆದು, ಮುಖದ ತುಂಬ ಕೆಂಪು ಧೂಳು ಮೆತ್ತಿಕೊಂಡು ನಡೆದು ಬರುವಾಗ ನಾಚಿಕೆಯೂ ಆಯಿತು. ನೀರಿನ ಬಾಟಲಿ ಕೊಟ್ಟ. ಅವಳು ಕುಡಿಯಲಿಲ್ಲ, ತಿರುವಿನ ಕಡೆಗೇ ನೋಡುತ್ತಿದ್ದಳು.

ಹುಚ್ಚು ಬಿಡಲಿಲ್ಲ, ತಲೆಗೇರಿತು. ಸಂಜೆ ಗಿಡ ಮುಟ್ಟಿಸಿ ಬರುವವಳು ಗೊಬ್ಬರ ತುಂಬಿಸಿಕೊಳ್ಳದೆ ಖಾಲಿ ಬರತೊಡಗಿದಳು. ಭಟ್ಟಿಯ ಬಯಲಿಗೆ ಹೋಗಿ, ತಿರುವಿಗೆ ಮುಂಚೆಯೇ ಬ್ರೇಕು ಹಿಡಿದು, ಆಕ್ಸಿಲರೇಟರನ್ನು ಹೂವಿನಂತೆ ಒತ್ತಿ, ಪಾನಾ ಹೇಳಿದ ಹಾಗೆ ಸುತ್ತಿ ಸುತ್ತಿ ಬರುತ್ತಿದ್ದಳು. ಖಾಲಿ ಗಾಡಿ ಗೇಟಿನೊಳಗೆ ಬಂದದ್ದು ಕಂಡರೆ ಅಮ್ಮನಿಗೆ ಯಾರೋ ಬರಿಗೈಲಿ ನೆಂಟಸ್ತನಕ್ಕೆ ಬಂದಷ್ಟು ಅವಮಾನ. ಗೊಬ್ಬರವಿಲ್ಲದೆ ಮಣ್ಣು ಕಲಸುವುದು ಹೇಗೆ ಎಂದು ಗಂಡನೂ ಸಿಡುಕಿದ. ನಾಳೆ ಎರಡು ಟ್ರಿಪ್ ತರುತ್ತೇನೆ ಎನ್ನುವಳು, ತರುತ್ತಲೂ ಇದ್ದಳು. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿ ಪುಟ್ಟಿಗೆ ತಿರುವು ತೋರಿಸುವಳು. ಮಲಗಿದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗದಂಥ ಒಂದು ಚಡಪಡಿಕೆ ಹೊಕ್ಕಿತ್ತು.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಗಂಡ ಒಬ್ಬನೇ ಇದ್ದ. ಸಸಿಯ ಟ್ರೇಗಳನ್ನು ಸಾಲಾಗಿ ಜೋಡಿಸುತ್ತಿದ್ದ ನೆನಪು. ಆಮೇಲೆ ನೆನಪಿಲ್ಲ. ಕಣ್ಣು ಬಿಟ್ಟಾಗ ಕೆನ್ನೆ ಮಣ್ಣಿನಲ್ಲಿತ್ತು, ಬಾಯಲ್ಲಿ ರಕ್ತದ ರುಚಿ, ಶೆಲ್ಫು ಅಡ್ಡ ಬಿದ್ದು ಒಂದು ಸಾಲು ಸಸಿ ಅಪ್ಪಚ್ಚಿಯಾಗಿತ್ತು. ಏನಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಪಾಸಣೆಗೆ ಇನ್ನೊಂದು ತಿಂಗಳೂ ಇರಲಿಲ್ಲ. ಅವನು ಎದ್ದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ಕೂತ. ಬದುಕಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಹೆದರಿದ್ದು ಕಾಯಿಲೆಗಲ್ಲ, ಡಾಕ್ಟರ ಬಾಯಿಂದ ಬರಬಹುದಾದ ಮಾತಿಗೆ.

ಶೆಲ್ಫು ಜಾರಿ ಬಿತ್ತು ಎಂದು ಅಮ್ಮನಿಗೆ ಹೇಳಿದ. ನಾಲಿಗೆ ಊದಿದ್ದಕ್ಕೆ ಬಿಸಿ ಚಹಾ ಕಾರಣವಾಯಿತು. ಹೆಂಡತಿ ಅನ್ನಕ್ಕೆ ಹಾಲು ಕಲಸಿ ಆರಿಸಿಕೊಟ್ಟು, ಸುತ್ತಿಗೆ ಹಿಡಿದು ಹೋಗಿ ಗಟ್ಟಿಯಾಗಿಯೇ ಇದ್ದ ಶೆಲ್ಫಿಗೆ ನಾಲ್ಕು ಮೊಳೆ ಹೊಡೆದು, ತಂತಿ ಬಿಗಿದು ಬಂದಳು. ಇನ್ನು ಬೀಳಲ್ಲ ಬಿಡಿ ಎಂದಳು. ಅವನು ತಲೆಯಾಡಿಸಿದ.

ಎರಡನೆಯ ಓಟಕ್ಕೆ ಅವನು ಹೋಗಲಿಲ್ಲ. ಗಿರಾಕಿ ಬರುತ್ತಾರೆಂದು ಕುಂಟು ನೆಪ ಹೇಳಿದ. ಪುಟ್ಟಿ ವಾಪಸು ಬಂದು, ತನ್ನಮ್ಮ ಕೊನೆಯವಳಾದರೂ ಒಂದು ಸಲವೂ ತಿರುಗಿ ನಿಲ್ಲಲಿಲ್ಲವೆಂದು, ಡ್ರಿಲ್ ಮೇಷ್ಟ್ರೇ ಚಪ್ಪಾಳೆ ತಟ್ಟಿದರೆಂದು ಕುಣಿದು ಕುಣಿದು ಹೇಳಿದಳು. ಪಾನಾ ಮಾಮ ಅಮ್ಮನನ್ನು ಹೊಗಳಿದ್ದೇ ಹೊಗಳಿದ್ದು. ಕೇಳುತ್ತ ಕೇಳುತ್ತ ಅವನ ಹೊಟ್ಟೆಯಲ್ಲಿ ಉರಿ ಎದ್ದಿತು. ಆ ಗಾಡಿಯನ್ನು ಶೋರೂಮಿನಿಂದ ತಂದವನು ಅವನು, ಅದರ ಕೆಮ್ಮು ನೆಗಡಿಯೆಲ್ಲ ಅರಿತವನು ಅವನು. ಇಂದು ಅವನು ಮೆಣಸಿನ ಸಸಿಗೆ ನೀರು ಹಾಕುವವನು.

ಮರುವಾರ ಹೆಂಡತಿಗೆ ಜ್ವರ ಬಂತು. ಅಂದೇ ರಸ್ತೆಯ ಕೊನೆಯ ಹೊಸ ಅಂಗಡಿಗೆ ಕುಂಡಗಳು ಹೋಗಬೇಕಿತ್ತು, ದಾರಿಯಲ್ಲೇ ಪುಟ್ಟಿಯ ಶಾಲೆ. ಇಲ್ಲಿಂದಿಲ್ಲಿಗೆ ತಾನೇ ಎಂದು ಅವನು ಗೂಟದಿಂದ ಕೀ ತೆಗೆದುಕೊಂಡ. ಅಮ್ಮ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ತಾನೇ ಎರಡು ಕುಂಡ ಎತ್ತಿಕೊಟ್ಟಳು. ಪುಟ್ಟಿ ಪಕ್ಕದಲ್ಲಿ ಕೂತಳು. ಕ್ಲಚ್ಚಿನ ಮೇಲೆ ಕಾಲಿಟ್ಟ ಕ್ಷಣ ಅವನಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಎಲ್ಲ ಸಸೂತ್ರವಾಗಿ ಮುಗಿಯಿತು. ಮಗಳು ದಾರಿಯುದ್ದಕ್ಕೂ ಬಾಗಿಲಿನ ಹಿಡಿ ಬಿಡಲೇ ಇಲ್ಲವೆಂಬುದನ್ನು ಅವನು ನೋಡಿದ. ನೋಡಿಯೂ ನೋಡದ ಹಾಗಿದ್ದ.

ಸಂಜೆ ಹೆಂಡತಿ ಹೊದ್ದಿದ್ದ ಕಂಬಳಿಯಲ್ಲೇ ಎದ್ದು ಅಡುಗೆಮನೆಗೆ ಬಂದಳು.

"ಪುಟ್ಟೀನ ಕೂರಿಸ್ಕೊಂಡು ಓಡಿಸಿದ್ರಂತೆ."

"ಏನಾಯ್ತೀಗ? ಎಲ್ಲಾ ಸರಿಯಾಗೇ ಬಂದ್ವಲ್ಲ."

"ಡಾಕ್ಟರು ಇನ್ನೂ ಹೇಳಿಲ್ಲ."

"ನನ್ನ ಗಾಡಿ ಅದು. ನಾನು ಓಡಿಸೋಕೆ ಊರವರನ್ನೆಲ್ಲ ಕೇಳ್ಬೇಕಾ? ನಿನ್ನ ಸರ್ಕಸ್‌ಗೆ ನೀನು ಯಾರನ್ನ ಕೇಳಿದ್ದೆ?"

ಅವಳು ಗೋಡೆಗೆ ಒರಗಿದಳು. "ನಿಮ್ಮ ಗಾಡಿನೇ. ಇಲ್ಲ ಅಂದೋರು ಯಾರು? ಡಾಕ್ಟರು ಸರಿ ಅನ್ಲಿ, ಅವತ್ತೇ ಕೀ ನಿಮ್ಮ ಕೈಗೆ ಕೊಡ್ತೀನಿ. ಮತ್ತೆ ಮುಟ್ಟಲ್ಲ."

"ರೇಸು?"

"ಅದೂ ಇಲ್ಲ. ಗಾಡಿ ಇಲ್ದೆ ರೇಸು ಎಲ್ಲಿಂದ ಬರುತ್ತೆ?"

ಅಮ್ಮ ಒಲೆಯ ಮುಂದಿನಿಂದಲೇ, ಈಗ ಬುದ್ಧಿ ಬಂತು ಎಂದಳು. ಗೆದ್ದವನು ಗಂಡ. ಆದರೆ ಆ ಸಂಜೆ ಆಲೂಗಡ್ಡೆ ಸುಲಿಯುತ್ತ ಅವನಿಗೆ ಸಿಪ್ಪೆ ಎಷ್ಟು, ಗಡ್ಡೆ ಎಷ್ಟು ಎಂಬುದೇ ತಿಳಿಯಲಿಲ್ಲ.

ತಪಾಸಣೆಗೆ ಎರಡು ದಿನವಿರುವಾಗ ಮೂರನೆಯ ಓಟ ಬಂತು. ತನ್ನ ಪಾಲಿಗೆ ಇದೇ ಕೊನೆಯದು ಎಂದು ಹೆಂಡತಿಯೇ ಹೇಳಿದ್ದರಿಂದ ಅಮ್ಮ ಕೂಡ ಹೊರಟಳು, ಕೈಯಲ್ಲೊಂದು ಕೊಡೆ ಹಿಡಿದು, ಮೂಗು ಮುರಿಯುತ್ತ. ಅಂದು ಹೆಂಡತಿ ಓಡಿಸಿದ್ದನ್ನು ಅವನು ಉಸಿರು ಬಿಗಿಹಿಡಿದು ನೋಡಿದ. ತಿರುವಿನಲ್ಲಿ ಖಾಲಿ ಗಾಡಿಯ ಬಾಲ ಜಾರತೊಡಗಿದರೆ ಅವಳು ಹೆದರಿ ಬ್ರೇಕು ಒತ್ತುತ್ತಿರಲಿಲ್ಲ; ಜಾರಿದಷ್ಟೂ ಜಾರಲು ಬಿಟ್ಟು, ಸ್ಟಿಯರಿಂಗನ್ನು ಅದೇ ಕಡೆಗೆ ತುಸು ತಿರುಗಿಸಿ, ನೇರವಾದ ಕೂಡಲೇ ವೇಗ ಕೊಡುತ್ತಿದ್ದಳು. ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿ ಮೂರನೆಯವಳಾಗಿ ಬಂದಳು. ಕೊಡೆ ಮಡಚಲು ಮರೆತ ಅಮ್ಮ, ಆ ಹಾಲಿನವನು ಅಡ್ಡ ಬಂದ, ಇಲ್ಲದಿದ್ದರೆ ಎರಡನೆಯದು ನಮ್ಮದೇ ಆಗುತ್ತಿತ್ತು ಎಂದು ಪಕ್ಕದವರೊಂದಿಗೆ ಕಾಲು ಕೆರೆದು ಜಗಳಕ್ಕೆ ನಿಂತಿದ್ದಳು.

ಹೆಲ್ಮೆಟ್ ತೆಗೆದ ಹೆಂಡತಿಯ ಮುಖವನ್ನು ಅವನು ನೋಡಿದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅಡುಗೆಮನೆಯಲ್ಲಾಗಲಿ, ನರ್ಸರಿಯಲ್ಲಾಗಲಿ, ಪುಟ್ಟಿ ಹುಟ್ಟಿದ ದಿನ ಬಿಟ್ಟರೆ ಬೇರೆಲ್ಲೂ ಆ ಮುಖ ಅವನಿಗೆ ಕಂಡಿರಲಿಲ್ಲ. ಗಾಡಿ ಓಡಿಸುವಾಗ ತನ್ನ ಮುಖವೂ ಹೀಗೇ ಇರುತ್ತಿತ್ತೇನೋ ಎನ್ನಿಸಿತು. ಅವನಿಗೆ ತುಂಬ ದುಃಖವಾಯಿತು. ಪಾನಾ ಬಂದು ಬೆನ್ನು ತಟ್ಟಿದರೆ ಕೈ ಕೊಡವಿ ದೂರ ಸರಿದ.

ತಪಾಸಣೆಯ ಹಿಂದಿನ ದಿನ ಮಾಮೂಲಿಗಿಂತ ಬೇಗ ಊಟಕ್ಕೆ ಕೂತರು. ಅನ್ನ, ಸೊಪ್ಪು, ಬೇಯಿಸಿದ ಮೊಟ್ಟೆ. ಅಡುಗೆ ಅವನದೇ, ಅಂದು ಹೇಗೋ ಹದವಾಗಿತ್ತು. ಅಮ್ಮನಿಗೆ ಹಿಗ್ಗು. ನಾಳೆಯಿಂದ ಎಲ್ಲ ಮೊದಲಿನ ಹಾಗೆ, ಡಾಕ್ಟರು ಹೂಂ ಅನ್ನುವುದು ನಿಶ್ಚಯ, ಒಂದು ಸಲವೂ ಬಂದಿಲ್ಲವಲ್ಲ ಎಂದು ಮಗನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಹೆಂಡತಿ ಎದ್ದು ಹೋಗಿ ಗೂಟದಲ್ಲಿದ್ದ ಕೀ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಹೇಳಿದ ಮಾತು ನಡೆಸಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಸುಮ್ಮನೆ ಕೂತು ಸೊಪ್ಪು ಬಡಿಸಿಕೊಂಡಳು.

"ನಾಳಿದ್ದಿಂದ ಶಾಲೆಗೆ ಅಪ್ಪನೇ ಬಿಡ್ತಾರಾ?" ಎಂದು ಪುಟ್ಟಿ ಕೇಳಿದಳು.

"ಮತ್ತಿನ್ಯಾರು ಬಿಡ್ತಾರೆ?" ಎಂದಳು ಅಜ್ಜಿ.

ಪುಟ್ಟಿ ತಲೆ ತಗ್ಗಿಸಿದಳು. ನಾನು ನಡ್ಕೊಂಡು ಹೋಗ್ತೀನಿ ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಅಪ್ಪನಿಗೆ ಕೇಳಿಸಿತು.

ಕೈಯಲ್ಲಿದ್ದ ತುತ್ತನ್ನು ಅವನು ತಟ್ಟೆಗೆ ಹಾಕಿದ. ನೀರು ಕುಡಿದ. ಕೀಯನ್ನು ಒಂದು ಬೆರಳಿನಿಂದ ತಟ್ಟೆಯಿಂದ ದೂರ ತಳ್ಳಿದ.

"ಇದು ಎತ್ತಿಡು. ನನಗೆ ಮತ್ತೆ ಬಂದಿತ್ತು."

ಅಮ್ಮನಿಗೆ ಅರ್ಥವಾಗಲಿಲ್ಲ, ಏನು ಬಂದಿತ್ತು ಎಂದಳು. ಹೆಂಡತಿಗೆ ಅರ್ಥವಾಯಿತು.

"ಯಾವಾಗ?"

"ಶೆಲ್ಫ್ ಬಿದ್ದ ದಿನ. ಶೆಲ್ಫ್ ತಾನಾಗಿ ಬೀಳ್ಲಿಲ್ಲ. ನಾನು ಬಿದ್ದೆ."

ಅವಳು ಲೆಕ್ಕ ಹಾಕುತ್ತಿದ್ದುದು ಅವನಿಗೆ ಕಾಣಿಸುತ್ತಿತ್ತು. ಶೆಲ್ಫು ಬಿದ್ದದ್ದು ಯಾವಾಗ, ಜ್ವರ ಬಂದದ್ದು ಯಾವಾಗ ಎಂದು ಅವಳು ಕೂಡಿಸಿ ಮುಗಿಸುವ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತ್ತು.

"ಅದಾದ್ಮೇಲೆ ಪುಟ್ಟೀನ ಕೂರಿಸ್ಕೊಂಡು ಹೋದ್ರಿ."

"ಹೂಂ."

"ನಾನು ಆ ಬಯಲಲ್ಲಿ ಸುತ್ತು ಹಾಕ್ತಿದ್ದೆ, ನೀವಿಲ್ಲಿ ಒಬ್ರೇ ಇದ್ರಿ. ಯಾವಾಗ ಬೇಕಾದ್ರೂ ಬೀಳ್ಬಹುದು ಅಂತ ನಿಮಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ. ನನ್ನ ಕೈಲಿ ಶೆಲ್ಫಿಗೆ ಮೊಳೆ ಹೊಡೆಸಿದ್ರಿ."

ಅಮ್ಮ ಈಗ ಅರ್ಥವಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತ ಕೂತಿದ್ದಳು. ಎರಡು ಕುಂಡ ಎತ್ತಿಕೊಟ್ಟದ್ದು ಅವಳಿಗೆ ನೆನಪಾಗಿರಬೇಕು. ಹೆಂಡತಿ ಮಗಳನ್ನು ಎಳೆದು ತನ್ನ ಮಗ್ಗುಲಿಗೆ ಒತ್ತಿ ಕೂರಿಸಿಕೊಂಡಳು, ಐದು ವರ್ಷದ ಮಗುವನ್ನು ಕೂರಿಸಿಕೊಳ್ಳುವ ಹಾಗೆ. ಅನ್ನ ಆರಿತು.

"ಇನ್ಮೇಲೆ ನೀವು ಈ ಗಾಡಿ ಓಡಿಸಲ್ಲ" ಎಂದಳು ಕೊನೆಗೆ.

"ಇಲ್ಲ."

"ನನ್ನ ಮುಖ ನೋಡಿ ಹೇಳಿ."

ಅವನು ನೋಡಿ ಹೇಳಿದ. ಹೇಳುವಾಗ ದನಿ ಒಡೆಯಿತು. ಕಾಯಿಲೆ ಬಿದ್ದಾಗಲೂ ಅಳದಿದ್ದ ಗಂಡಸು ಮೊಟ್ಟೆಯ ತಟ್ಟೆ ಮುಂದಿಟ್ಟುಕೊಂಡು ಅತ್ತ. ಯಾರೂ ಸಮಾಧಾನ ಮಾಡಲಿಲ್ಲ. ಹೆಂಡತಿ ಮಾತ್ರ ಕೀ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಾಳೆ ಡಾಕ್ಟರ ಹತ್ರ ನಾನೂ ಒಳಗೆ ಬರ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

"ಹೇಳ್ತೀನಿ."

"ಇನ್ನು ಭಾನುವಾರದ ಓಟ..." ಎಂದು ಅವಳು ತಡೆದಳು.

"ಹೋಗು" ಎಂದ ಅವನು. "ಮುಂದಿನ ಓಟಕ್ಕೂ ಹೋಗು. ನಾನು ಮನೇಲಿರ್ತೀನಿ, ಅಮ್ಮ ಜೊತೇಲಿರ್ತಾಳೆ."

"ಬೇಡ." ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ನಿಮ್ಮನ್ನ ನಂಬೋಕೆ ಈಗ ನನ್ನ ಕೈಲಾಗಲ್ಲ. ನೀವು ಬರ್ಬೇಕು. ಹಗ್ಗದ ಹತ್ರ, ಆ ತಿರುವಲ್ಲಿ, ನನಗೆ ಕಾಣೋ ಹಾಗೆ ನಿಂತ್ಕೋಬೇಕು. ಪ್ರತಿ ಸುತ್ತು ಬಂದಾಗ್ಲೂ ನೀವು ನಿಂತಿರೋದು ನಾನು ನೋಡ್ಬೇಕು. ನಿಂತಿದ್ರೆ ಮುಂದೆ ಹೋಗ್ತೀನಿ."

ನಿಂತಿರುತ್ತೇನೆ ಎಂದ ಅವನು.